ತಾಮ್ರದ ಅಂಗೈ

ನೀಲಿ ತೊಟ್ಟಿಯಿಂದ ಹಾಳೆ ಮೇಲೆ ಬಂದಾಗ ಅದರ ಮೂಲೆಯಲ್ಲಿ ಒಂದು ಕೈ ಮೂಡಿತ್ತು.

ಐದು ಬೆರಳು, ಹೆಬ್ಬೆರಳ ಬುಡದ ಉಬ್ಬು, ಅಂಗೈಯ ಅಂಚು. ಆಗಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಂಡೆಯ ಬಣ್ಣ. ಉಳಿದ ಹಾಳೆಯೆಲ್ಲ ನೆನೆಸಿದ ಮಲ್ಲಿನ ಬಟ್ಟೆಯ ಹಾಗೆ ಬೆಳ್ಳಗೇ ಇತ್ತು.

ಕೃಪಾ ಜಾಲರಿಯ ಚೌಕಟ್ಟನ್ನು ಹಿಡಿದುಕೊಂಡು ಹಾಗೇ ನಿಂತಳು. ತೆಲುಗು ಸೀಮೆಯ ಪಟಾನ್‌ಚೆರುವಿನ ಈ ಸಣ್ಣ ಕಾರ್ಖಾನೆಯ ರಸಾಯನ ವಿಭಾಗ ಅವಳದು. ಉಡುಪಿ ಕಡೆಯ ಹುಡುಗಿ. ತೊಟ್ಟಿಯ ಘಾಟಿಗೆ ಅವಳ ಕಣ್ಣು ಯಾವಾಗಲೂ ಕೆಂಪು.

"ಯಾರದೋ ಕೈ," ಎಂದಳು.

"ಹಾಳಿ ಮ್ಯಾಲ ಹೆಂಗ ಬಂತ್ರಿ ಅದು?" ಕಾರ್ಖಾನೆಯ ಕಳವಿನ ಪತ್ತೆ ಮಾಡುತ್ತಿದ್ದ ಉಮಾಶ್ರೀ ಕೇಳಿದಳು.

"ತಾಮ್ರ ಎಲ್ಲ ಕಡೆ ಕೂರುವುದಿಲ್ಲ. ಪಲ್ಲೇಡಿಯಂ ಇದ್ದಲ್ಲಿ ಮಾತ್ರ ಕೂರ್ತದೆ. ಇದು ಆ ದಿನ ತವರದ ತೊಟ್ಟಿಯಿಂದ ತೆಗೆದು ತಟ್ಟೆಯಲ್ಲಿ ಇಟ್ಟಿದ್ದ ಹಾಳೆ. ಮುಂದಿನ ತೊಟ್ಟಿಗೆ ಹೋಗಲೇ ಇಲ್ಲ, ಅಷ್ಟರಲ್ಲಿ ಕಳವಿನ ಗಲಾಟೆ ಶುರುವಾಯ್ತಲ್ಲ. ಬಿಸಾಡುವ ಬದಲು ನೀಲಿ ತೊಟ್ಟಿ ಸರಿ ಉಂಟಾ ನೋಡುವ ಅಂತ ಇವತ್ತು ಹಾಕಿದೆ."

"ಅಂದ್ರ, ಕೈಗೆ ಪಲ್ಲೇಡಿಯಂ ಹತ್ತಿದವರು ಯಾರೋ ಇದನ್ನ ಮುಟ್ಯಾರ."

"ಹೌದು. ಕಣ್ಣಿಗೆ ಕಾಣದಷ್ಟು ತಾಗಿದರೂ ಸಾಕು."

ಉಮಾಶ್ರೀ ಬಗ್ಗಿ ನೋಡಿದಳು. ಕೂದಲನ್ನು ಉದ್ದಕ್ಕೆ ನೂರಾರು ಪಾಲು ಸೀಳಿದರೆ ಸಿಗುವಂಥ ನೈಲಾನ್ ಎಳೆಗಳ ಹಾಳೆ ಅದು. ಇಲ್ಲಿನ ಹೆಂಗಸರು ಅದನ್ನು ಕೆನೆ ಎನ್ನುತ್ತಾರೆ. ಕಾದ ಹಾಲಿನ ಮೇಲಿಂದ ತೆಗೆದ ಕೆನೆಯಷ್ಟೇ ನಾಜೂಕು. ಮೊದಲು ತವರದ ನೀರು, ಆಮೇಲೆ ಪಲ್ಲೇಡಿಯಂ, ಕೊನೆಗೆ ನೀಲಿ ತೊಟ್ಟಿ. ಆಗ ಒಂದೊಂದು ಎಳೆಗೂ ತಾಮ್ರದ ಅಂಗಿ ತೊಟ್ಟಂತಾಗಿ, ಮೊಬೈಲಿನ ಅಲೆ ಕೂಡ ದಾಟದ ಬಟ್ಟೆ ತಯಾರಾಗುತ್ತದೆ. ಕರೆಂಟು ಬೇಡ, ಕಾಯಿಸುವುದೂ ಬೇಡ. ಮುಳುಗಿಸಿದರೆ ಸಾಕು.

ನಡುವಿನ ತೊಟ್ಟಿ ಎರಡು ತಂಬಿಗೆಯಷ್ಟೇ ಹಿಡಿಯುತ್ತಿತ್ತು. ಆದರೆ ಅದರೊಳಗಿನ ಲೋಹ ಚಿನ್ನದ ಜೊತೆ ತೂಗುವಂಥದ್ದು. ಬಣ್ಣ ಮಾತ್ರ ಥೇಟ್ ಕಪ್ಪು ಚಹಾ. ಹೆಂಗಸರು ಚಹಾ ತೊಟ್ಟಿ ಎಂದು ನಗಾಡುತ್ತಿದ್ದರು. ಕಳ್ಳ ಆ ನಗೆಯನ್ನೇ ಕೇಳಿಸಿಕೊಂಡವನಂತೆ, ಪಲ್ಲೇಡಿಯಂ ತೆಗೆದುಕೊಂಡು ಅಲ್ಲಿ ನಿಜವಾದ ಚಹಾ ಸುರಿದು ಹೋಗಿದ್ದ.

ಆ ಕಳವಿಗೆ ಈಗ ಒಂದು ಹೆಸರಿತ್ತು. ಗದಿಗೆಮ್ಮ. ಆ ಹೆಸರು ಇಟ್ಟವಳು ಉಮಾಶ್ರೀಯೇ.

ಅವತ್ತು ಬೆಳಿಗ್ಗೆ ಕೀಲಿ, ಕ್ಯಾಮೆರಾ ತಪಾಸಣೆಗೆಂದು ಮೊದಲ ಸಲ ಬಂದಿದ್ದ ಅವಳು ತಟ್ಟೆಯ ಹತ್ತಿರ ಹೋದ ಕೂಡಲೇ ಗದಿಗೆಮ್ಮ ಓಡಿ ಬಂದು ಅವಳ ಕೈ ಹಿಡಿದು ಎಳೆದಿದ್ದಳು. ಈಕೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬ ಗುಮಾನಿ ಹುಟ್ಟಿದ್ದೇ ಆಗ. ಸ್ವಲ್ಪ ಹೊತ್ತಿಗೆ ಕೃಪಾ ನಡುವಿನ ತೊಟ್ಟಿಯನ್ನು ಮೂಸಿ ನೋಡಿ ಚಹಾ ಎಂದಳು. ಎಲ್ಲ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಉಮಾಶ್ರೀ ಕೈ ತೋರಿಸಲು ಹೇಳಿದಳು. ಗದಿಗೆಮ್ಮನ ಅಂಗೈಯಲ್ಲಿ ಹಸಿ ಕಪ್ಪು ಇತ್ತು. ತವರದ ನೀರಿಗೆ ಪಲ್ಲೇಡಿಯಂ ತಾಗಿದರೆ ಮೂಡುವ ಕಪ್ಪು. ಹಿಂದಿನ ಸಂಜೆಯಿಂದ ತೊಟ್ಟಿಯಲ್ಲಿ ಚಹಾ ಇದ್ದ ಮೇಲೆ ಅದು ಅವಳ ಕೈಗೆ ಎಲ್ಲಿಂದ ಬರಬೇಕು?

ಪ್ರಶ್ನೆ ಸರಿಯಾಗಿತ್ತು. ಉತ್ತರ ಹುಡುಕುವ ಮೊದಲೇ ಉಮಾಶ್ರೀ ಅವಳ ಚೀಲ ಕೊಡವಿಸಿದ್ದಳು. ಬುತ್ತಿಯ ಡಬ್ಬಿ, ಎಲೆಯಡಿಕೆ, ಮುಟ್ಟಿನ ಬಟ್ಟೆ, ಎಲ್ಲ ಸಿಮೆಂಟಿನ ನೆಲದ ಮೇಲೆ, ಎಲ್ಲರ ಕಾಲ ಬುಡದಲ್ಲಿ. ಆ ನೆಲವನ್ನು ಇವತ್ತಿಗೂ ಅವಳಿಗೆ ನೇರವಾಗಿ ನೋಡಲಾಗುತ್ತಿರಲಿಲ್ಲ. ಚೀಲದಲ್ಲಿ ಏನೂ ಸಿಕ್ಕಿರಲಿಲ್ಲ.

"ಇಲ್ಲಿ ನೋಡಿ," ಕೃಪಾ ಬೆರಳು ತೋರಿದಳು. "ಉಂಗುರದ ಬೆರಳು ಬುಡದಲ್ಲಿ ತುಂಡಾಗಿದೆ."

ತಾಮ್ರದ ಬೆರಳಿನ ಬುಡದಲ್ಲಿ ಸಣ್ಣ ಬಿಳಿಯ ಪಟ್ಟಿ. ಉಂಗುರ ಹಾಕಿದ ಬೆರಳಿನ ಚರ್ಮ ಅಷ್ಟು ಜಾಗದಲ್ಲಿ ಹಾಳೆಗೆ ತಾಗಿರಲಿಲ್ಲ.

ತೊಟ್ಟಿಯ ಹೆಂಗಸರು ಉಂಗುರ ಹಾಕುವುದಿಲ್ಲ. ಹಾಳೆ ಹರಿಯುತ್ತದೆ. ಅದಕ್ಕಿಂತ ಮೊದಲು, ಒದ್ದೆ ಹಾಳೆಯನ್ನು ಅವರು ಕೈಯಿಂದ ಮುಟ್ಟುವುದೇ ಇಲ್ಲ. ಚೌಕಟ್ಟಿನ ಸಮೇತ ಎತ್ತುತ್ತಾರೆ, ಚೌಕಟ್ಟಿನ ಸಮೇತ ಇಳಿಸುತ್ತಾರೆ. ಕಳವಾದ ದಿನದಿಂದ ಉಮಾಶ್ರೀ ಅದನ್ನು ದಿನಗಟ್ಟಲೆ ನೋಡಿದ್ದಳು. ಹಾಗಾದರೆ ಈ ಕೈ ಕೆಲಸ ಗೊತ್ತಿಲ್ಲದ ಯಾರದೋ.

ಅವಳು ಕೃಪಾಳ ಬೆರಳು ನೋಡಿದಳು. ನಿಶ್ಚಿತಾರ್ಥದ ಉಂಗುರ ಎಡಗೈಯಲ್ಲಿತ್ತು. ಹಾಳೆಯ ಮೇಲಿನದು ಬಲಗೈ.

ಬಾಗಿಲು ತಳ್ಳಿಕೊಂಡು ಮಾಲೀಕ ವಿನಾಯಕ ಬಂದ. ಬೆಂಗಳೂರಿನವನು. ಎರಡೂ ಕೈಯಲ್ಲಿ ಒಂದೊಂದು ಗ್ರಹಕ್ಕೆ ಒಂದೊಂದು ಕಲ್ಲಿನ ಉಂಗುರ. ಹಾಳೆಯನ್ನು ನೋಡಿ ಅವನ ಮುಖ ಅರಳಿತು.

"ಮುಗೀತಲ್ಲ. ಇದಕ್ಕಿಂತ ಸಾಕ್ಷಿ ಬೇಕಾ? ಆ ಹೆಂಗಸಿನ ಕೈ ಇದರ ಮೇಲೆ ಇಟ್ಟು ನೋಡಿ, ನಾನು ಇವತ್ತೇ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ."

"ಕೈ ಹೊಂದದಿದ್ರ?"

"ಹೊಂದುತ್ತೆ ಬಿಡಿ. ನೀವೇ ತಾನೆ ಹಿಡಿದಿದ್ದು?"

ಹಾಳೆಯನ್ನು ಪ್ಲಾಸ್ಟಿಕ್ ಲಕೋಟೆಗೆ ಹಾಕುವಾಗ ಉಮಾಶ್ರೀ ಅವನ ಬೆರಳುಗಳನ್ನು ಅಳೆದಳು. ದಪ್ಪ, ಗಿಡ್ಡ. ಹಾಳೆಯ ಕೈ ಸಪೂರ. ವಿನಾಯಕನೂ ಅಲ್ಲ.

ಹೊರಗೆ ಬಂದು ಅವಳು ಜನಾರ್ದನರಿಗೆ ಫೋನ್ ಮಾಡಿದಳು. ಅಬಿಡ್ಸಿನ ಪುಸ್ತಕದಂಗಡಿಯ ಮೇಲಿನ ಅವರ ಪತ್ತೇದಾರಿ ಕಚೇರಿಯಲ್ಲೇ ಅವಳು ಕೆಲಸ ಕಲಿತದ್ದು. ಬೀದರಿನಿಂದ ಓದು ಬಿಟ್ಟು ಬಂದವಳನ್ನು, ಯಾರ ಮುಂದೆಯೂ ಬಾಯಿ ಬಿಡದವಳನ್ನು, ನಿನಗೆ ನೋಡುವುದು ಬರುತ್ತದೆ, ಅಷ್ಟು ಸಾಕು ಎಂದು ಇಟ್ಟುಕೊಂಡವರು ಅವರು. ಈ ಕಾರ್ಖಾನೆಯ ಕೀಲಿ, ಕ್ಯಾಮೆರಾಗಳ ವ್ಯವಸ್ಥೆಯನ್ನೂ ಅವರೇ ಮಾಡಿಕೊಟ್ಟಿದ್ದರು.

"ಕೈ ಮೂಡೇತೇನು?" ಜನಾರ್ದನರ ಧ್ವನಿ ಒಂದು ಕ್ಷಣ ತಡೆಯಿತು. "ಶಾಭಾಸ್ ಬೇಟಾ. ಹೋಗಿ ಆಕಿ ಕೈ ನೋಡ್ಕೊಂಡು ಬಾ. ನಾ ಉಳದದ್ದು ನೋಡ್ಕೋತೀನಿ."

ಅವತ್ತೂ ಅವರು ಶಾಭಾಸ್ ಎಂದಿದ್ದರು. ಆ ಮಾತನ್ನು ಅವಳು ಆ ರಾತ್ರಿಯೆಲ್ಲ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಸವಿದಿದ್ದಳು. ಈಗ ನೆನೆದರೆ ಮೈ ಹಿಡಿಯಾಯಿತು.

*

ಗದಿಗೆಮ್ಮನ ಖೋಲಿ ಬಸ್ ಸ್ಟಾಪಿನ ಹಿಂದಿನ ಗಲ್ಲಿಯಲ್ಲಿತ್ತು. ತಗಡಿನ ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಉಮಾಶ್ರೀಯನ್ನು ನೋಡಿ ಏಳಲಿಲ್ಲ, ಬರ್ರಿ ಎನ್ನಲಿಲ್ಲ.

"ಇವತ್ತು ಯಾವ ಕೈ ಬೇಕ್ರಿ?" ಎಂದಳು. "ಎಡದ್ದೋ, ಬಲದ್ದೋ?"

"ಗದಿಗೆಮ್ಮಕ್ಕಾ, ಒಂದೀಟು ಮಾತಾಡೋದಿತ್ತು."

"ಅಕ್ಕ ಆದ್ನೇನು ಈಗ? ಅವತ್ತು 'ಏ, ಕೈ ತೋರಸು' ಅಂದಿದ್ರಿ. ಒಂದು ತೋರಿಸಿದ್ರ, 'ಎರಡೂ' ಅಂದ್ರಿ. ನನಗ ಛಲೋ ನೆನಪದ."

ಎದುರಿನ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಅವರಲ್ಲಿ ತುಳಸಾಬಾಯಿಯೂ ಇದ್ದಳು. ತೊಟ್ಟಿಯ ಹತ್ತಿರ ಗದಿಗೆಮ್ಮನ ಪಕ್ಕದಲ್ಲೇ ನಿಂತು ಕೆಲಸ ಮಾಡುವವಳು.

"ಒಳಗ ಹೋಗೋಣೇನ್ರಿ?" ಉಮಾಶ್ರೀ ಸಣ್ಣ ದನಿಯಲ್ಲಿ ಕೇಳಿದಳು.

"ಯಾಕ? ಅವತ್ತೇನು ಪರದೆ ಕಟ್ಟಿ ಕೇಳಿದ್ರೇನು?" ಆದರೂ ಗದಿಗೆಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಎದ್ದಳು. "ಬರ್ರಿ. ಆ ತುಳಸಾಬಾಯಿ ಕಿವಿ ಭಾಳ ಉದ್ದ. ಈಗ ಬಸ್ಸಿನ್ಯಾಗ ನಾ ಬಾಜೂಕ ಕುಂತ್ರ ಚೀಲ ಆ ಕಡಿಗೆ ಇಟ್ಕೋತಾಳ. ನನ್ನ ಕೈಯಾಗಿನ ರೊಟ್ಟಿ ತಿಂದಾಕಿ."

ಒಳಗೆ ಒಂದೇ ಖೋಲಿ. ಗೋಡೆಯ ಹಲಗೆಯ ಮೇಲೆ ಪಾತ್ರೆ, ಮೂಲೆಯಲ್ಲಿ ಗ್ಯಾಸಿನ ಒಲೆ. ಉಮಾಶ್ರೀ ಕೂರಲಿಲ್ಲ. ಕೂರು ಎಂದು ಯಾರೂ ಹೇಳಿರಲಿಲ್ಲ.

"ನಿಮ್ಮ ಸಾಹೇಬ್ರು ನಿನ್ನೆ ಬಂದಿದ್ರು," ಗದಿಗೆಮ್ಮ ಸೊಪ್ಪಿನ ಕಡೆಗೇ ನೋಡುತ್ತಾ ಹೇಳಿದಳು.

"ಜನಾರ್ದನ ಸರ?"

"ಹೆಸರು ಯಾರಿಗೆ ಗೊತ್ತು. ಹಿರಿ ಮನಷ್ಯಾ. ತಪ್ಪಾತು ತಾಯಿ, ನಮ್ಮ ಹುಡುಗಿ ತಿಳೀದ ಮಾಡ್ಯಾಳ ಅಂತ ಕೈ ಮುಗದ್ರು. ಮನಿಗೆ ಅಂತ ಒಂದು ಸಾಮಾನು ಕೊಟ್ಟು ಹೋದ್ರು. ನೀವು ಇವತ್ತು ಬಂದೀರಿ. ಅದೂ ಏನೋ ಕೇಳಾಕ."

ಉಮಾಶ್ರೀಯ ಕಿವಿ ಬಿಸಿಯಾಯಿತು. ತಾನು ಮಾಡಬೇಕಾದದ್ದನ್ನು ತನಗೆ ಹೇಳದೆಯೇ ಅವರು ಮಾಡಿ ಹೋಗಿದ್ದರು. ಈ ಗಲ್ಲಿಯ ತುದಿಯವರೆಗೆ ಎರಡು ಸಲ ಬಂದು, ಬಾಗಿಲ ಮುಂದೆ ನಿಲ್ಲುವ ಧೈರ್ಯ ಸಾಲದೆ ವಾಪಸು ಹೋದವಳು ತಾನು.

ತಪ್ಪಾಯಿತು ಎಂಬ ಆ ಒಂದು ಮಾತನ್ನು ಅವಳು ಆಡಲಿಲ್ಲ. ಅದರ ಬದಲು ಅವಳು ಲಕೋಟೆಯಿಂದ ಹಾಳೆ ತೆಗೆದು ಚಾಪೆಯ ಮೇಲೆ ಹಾಸಿದಳು.

"ಇದರ ಮ್ಯಾಲ ಒಮ್ಮೆ ಕೈ ಇಡ್ರಿ ಅಕ್ಕಾ. ಹೊಂದಲಿಲ್ಲಂದ್ರ ನಿಮ್ಮ ಮ್ಯಾಲಿನ ಮಾತು ತೊಳದು ಹೋಗ್ತದ. ಇಲ್ಲಂದ್ರ ಇವತ್ತ ಪೊಲೀಸರಿಗೆ ಹೇಳ್ತಾರ."

ಗದಿಗೆಮ್ಮ ತಾಮ್ರದ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೀರೆಗೆ ಕೈ ಒರೆಸಿಕೊಂಡು ಬಲಗೈಯನ್ನು ಅದರ ಪಕ್ಕದಲ್ಲಿ ಊರಿದಳು. ಮೇಲೆ ಇಡಲಿಲ್ಲ. ಕೆನೆಯನ್ನು ಮುಟ್ಟಬಾರದೆಂಬ ರೂಢಿ ಈಗಲೂ ಅವಳ ಕೈಯಲ್ಲಿತ್ತು.

ಇಡುವ ಅಗತ್ಯವೂ ಇರಲಿಲ್ಲ. ಅವಳ ಗಂಟು ಊದಿದ ಬೆರಳುಗಳ ಪಕ್ಕದಲ್ಲಿ ತಾಮ್ರದ ಕೈ ಶಾಲೆಯ ಹುಡುಗಿಯದರಂತೆ ಕಾಣುತ್ತಿತ್ತು.

"ಉಂಗುರ ಹಾಕ್ಕೊಳ್ಳೋ ಕೈ," ಎಂದಳು ಗದಿಗೆಮ್ಮ. "ಬೇಕಾದ್ರ ನನ್ನ ತವರಿಗೆ ಹೋಗಿ ಕೇಳ್ರಿ, ನಾ ಉಂಗುರ ಕಂಡಾಕಿನ ಅಲ್ಲ."

"ಸಾಕ್ರಿ," ಎಂದು ಉಮಾಶ್ರೀ ಹಾಳೆಯನ್ನು ಎಳೆದುಕೊಳ್ಳಲು ಕೈ ಚಾಚಿದಳು.

ಅವಳ ಕೈ ಹಾಳೆಯ ಮೇಲೆ ನಿಂತಿತು.

ಬೆರಳಿಗೆ ಬೆರಳು ಕೂತಿತ್ತು. ಹೆಬ್ಬೆರಳ ಓರೆ, ಕಿರುಬೆರಳ ಮೋಟು, ಎಲ್ಲ. ಹವಳದ ಉಂಗುರ, ತಾಯಿ ಸಾಯುವ ಮೊದಲು ತೊಡಿಸಿದ್ದು, ಸರಿಯಾಗಿ ಆ ಬಿಳಿಯ ಪಟ್ಟಿಯ ಮೇಲೆ ಬಂದಿತ್ತು.

ಹೊರಗೆ ಕೊಡ ತುಂಬಿ ನೀರು ಚೆಲ್ಲುತ್ತಿತ್ತು.

ಅವತ್ತು ಗದಿಗೆಮ್ಮ ಕೈ ಹಿಡಿದು ಎಳೆದಿದ್ದಳು, ನಿಜ. ಆದರೆ ಎಳೆಯುವ ಮೊದಲೇ ಮುಟ್ಟಿಯಾಗಿತ್ತು. ಅಂಗಡಿಯಲ್ಲಿ ಸೀರೆಯ ನೇಯ್ಗೆ ಮುಟ್ಟಿ ನೋಡುವವಳಂತೆ ಉಮಾಶ್ರೀ ಒದ್ದೆ ಹಾಳೆಯ ಮೇಲೆ ಅಂಗೈ ಊರಿದ್ದಳು. ಕೆಲಸ ಗೊತ್ತಿಲ್ಲದವರು ಮಾಡುವ ತಪ್ಪು ಅದು. ಎಲ್ಲರ ಬೆರಳನ್ನೂ ಅಳೆದು ಬಂದಿದ್ದಳು, ತನ್ನದೊಂದನ್ನು ಬಿಟ್ಟು.

ಅವಳು ನಿಧಾನವಾಗಿ ಅಂಗೈ ತಿರುಗಿಸಿದಳು. ಸೋದರಮಾವನ ಮಗಳು ಸುಮತಿಯ ಮದುವೆಗೆ ಹಾಕಿಸಿಕೊಂಡಿದ್ದ ಮೆಹಂದಿ ಮಾಸಿ ಕಿತ್ತಳೆ ಬಣ್ಣಕ್ಕೆ ಬಂದಿತ್ತು. ಆದರೆ ಹೆಬ್ಬೆರಳ ಬುಡದಲ್ಲಿ ಒಂದು ಕಲೆ ಮಾತ್ರ ಮಾಸದೆ ಕಪ್ಪಗೇ ಉಳಿದಿತ್ತು. ಅಲ್ಲಿ ಬಣ್ಣ ಚೆನ್ನಾಗಿ ಹಿಡಿದಿದೆ ಎಂದುಕೊಂಡಿದ್ದಳು. ಅವತ್ತು ಸಾಲಿನಲ್ಲಿ ನಿಂತ ಹೆಂಗಸರ ಬರಿಗೈಗಳಲ್ಲಿ ಕಪ್ಪು ಹುಡುಕುವಾಗ ತನ್ನ ಕೈಯ ಕಪ್ಪು ಮೆಹಂದಿಯ ಬಳ್ಳಿಯಡಿ ಆರಾಮಾಗಿ ಮಲಗಿತ್ತು.

"ನಾ ಮುಟ್ಟಬ್ಯಾಡ್ರಿ ಅಂದೆ," ಗದಿಗೆಮ್ಮ ನಿಧಾನವಾಗಿ ಹೇಳಿದಳು. ಅವಳಿಗೂ ಕಾಣತೊಡಗಿತ್ತು. "ನನ್ನ ಗ್ಲೋಸು ಸೋರತಿತ್ತು. ಕೈಗೆಲ್ಲ ತವರದ ನೀರು. ಹಂಗ ನಿಮ್ಮ ಕೈ ಹಿಡದೆ."

"ಹೌದ್ರಿ."

"ಹಂಗಂದ್ರ ನನ್ನ ಕೈಯಾಗಿನ ಆ ಕಪ್ಪು."

"ನನ್ನ ಕೈಯಿಂದ ಬಂದದ್ದು."

ಗದಿಗೆಮ್ಮ ಬಿಡಿಸಿದ ಸೊಪ್ಪನ್ನು ಒಂದು ಕಡೆ ಒತ್ತಿದಳು.

"ಅಕ್ಕಾ, ನಾನು..."

"ನನ್ನ ಮುಂದ ಹೇಳಿದ್ರ ಏನು ಬಂತ್ರಿ? ನಾ ಕದ್ದಿಲ್ಲಂತ ನನಗ ಮೊದಲಿಂದ ಗೊತ್ತದ. ಗೊತ್ತಿಲ್ದವರ ಮುಂದ ಹೇಳ್ರಿ. ಚೀಲ ಎಲ್ಲಿ ಕೊಡವಿಸಿದ್ರೋ ಅಲ್ಲಿ ಹೇಳ್ರಿ."

"ಹೇಳ್ತೀನಿ."

"ಮತ್ತ ನಿಮ್ಮ ಕೈಗೆ ಎಲ್ಲಿಂದ ಬಂತದು? ನೀವು ಅವತ್ತ ಮೊದಲನೇ ಸಲ ಬಂದಾಕಿ."

ಅದೇ ಪ್ರಶ್ನೆ ಉಮಾಶ್ರೀಯ ತಲೆಯಲ್ಲೂ ಸುತ್ತುತ್ತಿತ್ತು. ಆ ಬೆಳಿಗ್ಗೆ ಅವಳು ಏನೇನು ಮುಟ್ಟಿದ್ದಳು? ಮನೆಯ ಚಿಲಕ. ಬಸ್ಸಿನ ಕಂಬಿ. ಲಿಂಗಂಪಲ್ಲಿಯಲ್ಲಿ ಇಳಿದ ಮೇಲೆ ಜನಾರ್ದನರ ಕಾರು.

ಕಾರು. ಬ್ರೇಕ್ ಹಾಕಿದಾಗ ಸೀಟಿನ ಅಡಿಯಿಂದ ಉರುಳಿ ಬಂದ, ಮುಚ್ಚಳ ತಗ್ಗಾದ ದೊಡ್ಡ ಹಸಿರು ಫ್ಲಾಸ್ಕು. ಎತ್ತಿಕೊಂಡಾಗ ಮುಚ್ಚಳದಿಂದ ಎರಡು ಹನಿ ಅವಳ ಅಂಗೈಗೆ ಜಿನುಗಿತ್ತು. ಚಹಾದ ಬಣ್ಣ. ಜನಾರ್ದನರು ಕಸಿದುಕೊಂಡಂತೆ ತೆಗೆದುಕೊಂಡಿದ್ದರು. "ಬಿಡು ಬೇಟಾ, ನಿನ್ನಿ ಚಹಾ ಅದು, ಹಳಸೇತಿ." ಅವಳು ದುಪಟ್ಟಾಕ್ಕೆ ಕೈ ಒರೆಸಿಕೊಂಡಿದ್ದಳು.

ಚಹಾ ಕಾರ್ಖಾನೆಯೊಳಗೆ ಹೋಗಿದ್ದೂ, ಪಲ್ಲೇಡಿಯಂ ಹೊರಗೆ ಬಂದಿದ್ದೂ ಅದರಲ್ಲೇ. ಕೀಲಿಗಳ ಲೆಕ್ಕ ಗೊತ್ತಿದ್ದವರು, ಕ್ಯಾಮೆರಾ ಎಲ್ಲಿ ಕುರುಡು ಎಂದು ಗೊತ್ತಿದ್ದವರು ಒಬ್ಬರೇ.

ಉಮಾಶ್ರೀ ತಲೆ ಎತ್ತಿದಳು. "ಅಕ್ಕಾ, ನಮ್ಮ ಸಾಹೇಬ್ರು ನಿನ್ನೆ ಏನು ಸಾಮಾನು ಕೊಟ್ರು?"

ಗದಿಗೆಮ್ಮ ಎದ್ದು ಹಲಗೆಯ ಮೇಲಿನ ಪಾತ್ರೆಗಳ ಹಿಂದೆ ಕೈ ಹಾಕಿದಳು. ಹಸಿರು ಫ್ಲಾಸ್ಕು. ಮುಚ್ಚಳದ ಮೇಲೆ ಅದೇ ತಗ್ಗು.

"ಕೆಲಸಕ್ಕ ಹೋಗೂ ಮುಂದ ಚಹಾ ಒಯ್ಯಾಕ ಆಗ್ತದ ಅಂದ್ರು. ಕೆಲಸ ಎಲ್ಲದ ನನಗ? ಏನೋ ನಾತ ಹೊಡೀತದ, ಇನ್ನಾ ತೊಳದಿಲ್ಲ."

"ತೊಳೀಬ್ಯಾಡ್ರಿ," ಎಂದಳು ಉಮಾಶ್ರೀ. "ಇಲ್ಲಿ ಕೊಡ್ರಿ. ಇದು ನಿಮ್ಮ ಮನ್ಯಾಗ ಒಂದು ಗಳಿಗಿ ಇರಬಾರದು."

ಫ್ಲಾಸ್ಕು ಅವಳ ಕೈಗೆ ಬರುವುದಕ್ಕೂ ಗಲ್ಲಿಯಲ್ಲಿ ಜೀಪು ನಿಲ್ಲುವುದಕ್ಕೂ ಸರಿಹೋಯಿತು.

*

ಎಸ್‌ಐ ಮುಂದೆ, ಹಿಂದೆ ವಿನಾಯಕ, ಅವನ ಪಕ್ಕದಲ್ಲಿ ಜನಾರ್ದನರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಂದಿನ ಮೆಲುನಗೆ. ನಲ್ಲಿಯ ಹೆಂಗಸರು ಕೊಡ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು.

"ಉಮಾ ಬೇಟಾ," ಜನಾರ್ದನರು ಹೊರಗಿನಿಂದಲೇ ಕೂಗಿದರು, "ಯಾವ ಸಾಮಾನೂ ಮುಟ್ಟಬ್ಯಾಡ. ಪೊಲೀಸರು ಖೋಲಿ ಝಡತಿ ಮಾಡಿ ಹುಡುಕಬೇಕು."

ಉಮಾಶ್ರೀ ಹೊಸ್ತಿಲು ದಾಟಿ ಗಲ್ಲಿಗೆ ಬಂದಳು. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಫ್ಲಾಸ್ಕು. ಇಷ್ಟು ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. ತುಳಸಾಬಾಯಿಯ ಮುಖ ನೋಡಿ ಮಾತು ಶುರುಮಾಡಿದಳು. ಗೊತ್ತಿಲ್ಲದವರು ಎಂದರೆ ಮೊದಲು ಅವಳೇ.

"ಗದಿಗೆಮ್ಮ ಕದ್ದಿಲ್ರಿ. ಈ ಹಾಳಿ ಮ್ಯಾಲಿನ ಕೈ ಆಕೀದಲ್ಲ, ನಂದು. ಆಕಿ ಕೈಯಾಗಿನ ಕಪ್ಪು ನನ್ನ ಕೈಯಿಂದ ಹತ್ತಿದ್ದು. ನಾ ಸುಳ್ಳ ಆಕಿ ಮಾನ ತಗದೆ."

ತುಳಸಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಪಲ್ಲೇಡಿಯಂ ಹೋದದ್ದು ಈ ಫ್ಲಾಸ್ಕಿನ್ಯಾಗ. ಇದು ಸರ್ ಅವರದು. ಅವತ್ತು ಅವರ ಕಾರಿನ್ಯಾಗ ಇತ್ತು."

ಜನಾರ್ದನರ ಕಣ್ಣು ಫ್ಲಾಸ್ಕಿನ ಮೇಲೆ ನಿಂತಿತು. ಖೋಲಿಯೊಳಗೆ ಸಿಗಬೇಕಾಗಿದ್ದದ್ದು ಅವಳ ಕೈಯಲ್ಲಿತ್ತು. ಅವರ ನಗೆ ಮಾಸಿತು, ಆದರೆ ಅದರ ಜಾಗದಲ್ಲಿ ಬಂದದ್ದು ಹೆದರಿಕೆಯಲ್ಲ. ದುಃಖ. ಮಗಳು ಕೈ ಬಿಟ್ಟ ತಂದೆಯ ಮುಖದ ದುಃಖ.

ಅವರು ಎಸ್‌ಐ ಕಡೆ ತಿರುಗಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ.

"ಇದನ್ನ ನಾನ ಹೇಳಬೇಕಾಗ್ತದ ಅಂದ್ಕೊಂಡಿದ್ದಿಲ್ಲ. ನಮ್ಮ ಹುಡುಗಿ ಮ್ಯಾಲ ನನಗ ಅವತ್ತಿಂದ ಸಂಶಯ. ಬಂದ ಕೂಡ್ಲೇ ಸುಮ್ಮ ಸುಮ್ಮನ ಒಂದು ಬಡವಿ ಮ್ಯಾಲ ಕಳವು ಯಾಕ ಹಾಕಿದಳು? ಹಾಳಿ ಮ್ಯಾಲಿನ ಕೈ ತನ್ನದ ಅಂತ ಈಗ ತಾನ ಒಪ್ಪಿದಳು. ಮಾಲು ಒಯ್ದ ಫ್ಲಾಸ್ಕು ಆಕಿ ಕೈಯಾಗ ಅದ. ಇದನ್ನ ಈ ಖೋಲಿಯೊಳಗ ಇಟ್ಟು ಹೋಗಾಕ ಬಂದಿದ್ಲು."

ವಿನಾಯಕ ಅವಳನ್ನು ಹೊಸದಾಗಿ ನೋಡುವವನಂತೆ ನೋಡಿದ.

"ಸುಳ್ಳು," ಎಂದಳು ಉಮಾಶ್ರೀ. "ನಿನ್ನೆ ಸರ್ ಅವರ ಬಂದು ಇದನ್ನ ಕೊಟ್ಟು ಹೋಗ್ಯಾರ. ಗದಿಗೆಮ್ಮಕ್ಕನ್ನ ಕೇಳ್ರಿ."

ಎಸ್‌ಐ ಹೊಸ್ತಿಲ ಕಡೆ ನೋಡಿದರು. ಬೂಟಿನ ಸದ್ದು ಮಾಡುತ್ತಾ ಎರಡು ಹೆಜ್ಜೆ ಮುಂದೆ ಹೋಗಿ, ಇದು ಯಾರದಮ್ಮಾ, ನಿನ್ನ ಮನೆಯಲ್ಲಿತ್ತಾ ಎಂದು ಒಡಕು ಹಿಂದಿಯಲ್ಲಿ ಕೇಳಿದರು.

ಗದಿಗೆಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಅವಳು ಬೂಟು ನೋಡಿದಳು. ಜೀಪು ನೋಡಿದಳು. ಕೈಮುಗಿದು ತಪ್ಪಾಯಿತು ಎಂದು ಹೋಗಿದ್ದ ಹಿರಿಯರನ್ನು ನೋಡಿದಳು. ಕೊನೆಗೆ ಉಮಾಶ್ರೀಯನ್ನು, ಎಲ್ಲವನ್ನೂ ಹೇಳಿ ಆ ಒಂದು ಮಾತನ್ನು ಇನ್ನೂ ಹೇಳದೆ ಉಳಿದವಳನ್ನು.

"ಇಲ್ರಿ ಸಾಹೇಬ್ರ," ಎಂದಳು. "ನಮ್ಮ ಮನೀದಲ್ಲ. ನಾ ಇದನ್ನ ಇವತ್ತ ನೋಡಾಕತ್ತೀನಿ. ಈಕಿನ ತಂದಾಳ."

ಹೆದರಿ ಆಡಿದ ಮಾತೋ, ಲೆಕ್ಕ ತೀರಿಸಿದ ಮಾತೋ, ಉಮಾಶ್ರೀಗೆ ತಿಳಿಯಲಿಲ್ಲ. ಗದಿಗೆಮ್ಮ ಅಷ್ಟರಲ್ಲಿ ನೆಲ ನೋಡುತ್ತಿದ್ದಳು. ಸಿಟ್ಟು ಮಾಡಿಕೊಳ್ಳಲು ಉಮಾಶ್ರೀ ತನ್ನೊಳಗೆ ಹುಡುಕಿದಳು. ಅಲ್ಲಿ ಸಿಟ್ಟಿಗೆ ಜಾಗವೇ ಇರಲಿಲ್ಲ.

ಎಸ್‌ಐ ಅವಳ ಕೈಯಿಂದ ಫ್ಲಾಸ್ಕನ್ನೂ ಹಾಳೆಯನ್ನೂ ತೆಗೆದುಕೊಂಡು ಪೇದೆಗೆ ಕೊಟ್ಟರು.

"ಚೆಯ್ಯಿ ಚೂಪಿಂಚಮ್ಮಾ," ಎಂದರು.

ನಲ್ಲಿಯ ಹೆಂಗಸರು ಹತ್ತಿರ ಸರಿದರು. ಉಮಾಶ್ರೀ ಬಲಗೈ ಚಾಚಿ ಅಂಗೈ ಬಿಡಿಸಿದಳು. ಮಾಸಿದ ಮೆಹಂದಿಯ ನಡುವೆ ಕಪ್ಪು ಕಲೆ ಬಿಸಿಲಿಗೆ ನಿಚ್ಚಳವಾಗಿ ಕಂಡಿತು.

ಎಸ್‌ಐ ತಲೆಯಾಡಿಸಿ ಅವಳ ಎಡಗೈಯತ್ತಲೂ ಬೆರಳು ತೋರಿದರು.

"ರೆಂಡೂ."